ಪರ್ಸಿಯ ಕಾರಿನ ಸದ್ದು

ಬರ್ನಿ, ಟಾಸ್ಮೇನಿಯಾ
6 ಮಾರ್ಚ್ 1994

ಮರ್ಲ್ ಅತ್ತೆಗೆ,

ಅಪ್ಪನ ಕಾರು ನಿನ್ನೆ ಹಡಗಿನಿಂದ ಇಳಿಯಿತು. ಕೀಲಿಕೈ, ಕಾಗದಪತ್ರ, ಸೀಟಿನ ಕೆಳಗೆ ಅಪ್ಪ ಮರೆತ ಅರ್ಧ ಪೊಟ್ಟಣ ಪೆಪ್ಪರ್‌ಮಿಂಟು, ಎಲ್ಲವೂ ಬಂದಿವೆ. ಅದೇ ಕಡು ಹಸಿರು ಬಣ್ಣ, ಇಬ್ಬರೇ ಕೂರುವಷ್ಟು ಜಾಗ, ಮಳೆ ಬಂದರೆ ಎಳೆದುಕೊಳ್ಳಲು ಹರಕು ಕ್ಯಾನ್ವಾಸು. ಅಪ್ಪ ತೀರಿಕೊಂಡು ಒಂಬತ್ತು ತಿಂಗಳಾದ ಮೇಲೆ ಮೊದಲ ಸಲ ಅದರ ಸ್ಟೇರಿಂಗ್ ಹಿಡಿದು ಹೊರಟೆ. ಬಂದರಿನ ಗೇಟು ದಾಟುವುದರೊಳಗೆ ಸೈಲೆನ್ಸರ್ ಕಳಚಿ ರಸ್ತೆಗೆ ಬಿತ್ತು. ಹಿಂದೆ ಬಂದ ಲಾರಿಯವನು ಅದರ ಮೇಲೇ ಹತ್ತಿಸಿಕೊಂಡು ಹೋದ.

ಅದು ನೀನು ಮಾಡಿದ ಸೈಲೆನ್ಸರ್. ಒಳಗೆಲ್ಲ ತುಕ್ಕು ತಿಂದಿತ್ತು. ಚೂರುಗಳನ್ನು ಆಯ್ದು ಗೋಣಿಚೀಲಕ್ಕೆ ತುಂಬಿಕೊಂಡು, ಊರೆಲ್ಲ ನೋಡುವ ಹಾಗೆ ಗುಡುಗುತ್ತ ಮನೆಗೆ ಬಂದೆ.

ಇಲ್ಲಿನ ಅಂಗಡಿಯಲ್ಲಿ ಹೊಸದು ಹಾಕಿಸಲು ಸಾವಿರದ ಮೇಲೆ ಕೇಳುತ್ತಾರೆ. ನನ್ನ ಹತ್ತಿರ ಇರುವುದು ಇನ್ನೂರು ಡಾಲರ್. ಹಣದ ಮಾತು ಇಷ್ಟೇ, ಮತ್ತೆ ಎತ್ತುವುದಿಲ್ಲ. ನನಗೆ ಬೇಕಾದದ್ದು ಆ ಸದ್ದು. ನಮ್ಮೂರು ವಾಲರೂವಿನ ಶಾಲೆಯಲ್ಲಿ ನಾನು ಕೂತಿರುವಾಗ ಅಪ್ಪನ ಕಾರು ಗೋಧಿಯ ಕಣಜಗಳ ಹತ್ತಿರ ತಿರುಗಿದ್ದು ತರಗತಿಗೆ ಕೇಳಿಸುತ್ತಿತ್ತು. ಟೀಚರ್ ಸೀಮೆಸುಣ್ಣ ಕೆಳಗಿಟ್ಟು, "ರೋವೆನಾ, ನಿಮ್ಮಪ್ಪ ಬಂದ್ರು, ಚೀಲ ಕಟ್ಕೊ" ಅನ್ನುತ್ತಿದ್ದರು. ಜೋರಾದ ಸದ್ದಲ್ಲ. ಕೆಳಗಿನಿಂದ ಎದ್ದು ಬರುವಂಥದ್ದು. ಅದನ್ನು ಬರೆದು ತಿಳಿಸಲು ನನಗೆ ಬರುವುದಿಲ್ಲ, ಮಾಡಿದವಳು ನೀನೇ ಇರುವಾಗ ತಿಳಿಸಬೇಕಾಗಿಯೂ ಇಲ್ಲ.

ಇನ್ನೊಂದು ನೆನಪು. ಅಪ್ಪ ನಿನ್ನ ಅಂಗಡಿಗೆ ಬಂದಾಗಲೆಲ್ಲ ಎಂಜಿನ್ ಆರಿಸದೆ ಇಳಿದು, ನಿನ್ನ ಕೈ ಹಿಡಿದು ಡಿಕ್ಕಿಯ ಮೇಲೆ ಇಡುತ್ತಿದ್ದ. ನೀನು ಕಣ್ಣು ಮುಚ್ಚಿ ಕುದುರೆ ಕೊಳ್ಳಲು ಬಂದವಳ ಹಾಗೆ ನಿಂತಿದ್ದು, "ಸರಿಯಿದೆ, ಹೋಗು" ಅನ್ನುತ್ತಿದ್ದೆ. ಮರ್ಲ್ ಕಿವಿ ಎಂದರೆ ಅಡಿಲೇಡಿನಿಂದಲೂ ಜನ ಬರುತ್ತಿದ್ದರಲ್ಲ.

ನವೆಂಬರಿನಲ್ಲಿ ಇಲ್ಲಿನ ಕಾರು ಸಂಘದ ಗುಡ್ಡ ಹತ್ತುವ ಓಟ ಇದೆ. ಅಷ್ಟರೊಳಗೆ ಸದ್ದು ಬರಬೇಕು. ಆಮೇಲೆ ಕ್ರಿಸ್‌ಮಸ್‌ಗೆ ಹಡಗು ಹತ್ತಿಸಿ, ಮೆಲ್ಬರ್ನಿನಿಂದ ಓಡಿಸಿಕೊಂಡು ನಿನ್ನ ಅಂಗಳಕ್ಕೆ ಬರುತ್ತೇನೆ. ನೀನು ಕೇಳಿ "ಸರಿಯಿದೆ" ಅನ್ನಬೇಕು. ಬೇರೆ ಯಾರು ಹೊಗಳಿದರೂ ನನಗೆ ಲೆಕ್ಕಕ್ಕಿಲ್ಲ.

ಮೂರು ಸಲ ಫೋನ್ ಮಾಡಿದೆ. ಒಂದು ಸಲ ನೀನು ಎತ್ತಿ, "ಬೇಡ, ಏನೂ ಕೊಳ್ಳಲ್ಲ" ಎಂದು ಇಟ್ಟುಬಿಟ್ಟೆ. ನಾನು ಏನನ್ನೂ ಮಾರುತ್ತಿರಲಿಲ್ಲ.

ನಿನ್ನ
ರೋ


ವಾಲರೂ
17 ಮಾರ್ಚ್ 1994

ರೋ,

ಗೋಣಿಚೀಲ ಎಸೆಯಬೇಡ. ಮೊದಲು ಅದು. ಚೂರುಗಳನ್ನು ನೆಲದ ಮೇಲೆ ಜೋಡಿಸಿ, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅಳತೆ ತೆಗೆ. ಎಲ್ಲಿ ಬಾಗಿದೆ, ಎಷ್ಟು ಬಾಗಿದೆ, ಎಲ್ಲವನ್ನೂ ಬರೆದುಕೋ. ನಾನು ನಕ್ಷೆ ಬರೆದಿಟ್ಟವಳಲ್ಲ. ಆ ಚೂರುಗಳೇ ನನ್ನ ನಕ್ಷೆ.

ಪೈಪು ಎರಡಿಂಚಿನದೇ ಆಗಬೇಕು. ಗುಜರಿಗೆ ಹೋದರೆ ನಿನಗೆ ಮೂರಿಂಚಿನ ಪೈಪು ತೋರಿಸುತ್ತಾರೆ. ಗುಜರಿಯವರ ಹತ್ತಿರ ಮಾರಾಟವಾಗದೆ ಉಳಿದಿರುವುದು ಯಾವಾಗಲೂ ದಪ್ಪ ಪೈಪೇ. ಆರು ಸಿಲಿಂಡರಿನ ಆ ಸಣ್ಣ ಎಂಜಿನ್ನಿಗೆ ದಪ್ಪ ಪೈಪು ಹಾಕಿದರೆ ಹೊಗೆ ಸೋಮಾರಿಯಾಗುತ್ತದೆ, ಎಳೆತ ಹೋಗುತ್ತದೆ, ಉಳಿಯುವುದು ಬರೀ ಅರಚಾಟ. ಜೋಡಿಸಿದ ಮೇಲೆ ಪ್ರತಿ ಸಂದಿಗೂ ಸಾಬೂನು ನೀರು ಹಚ್ಚು. ಗುಳ್ಳೆ ಎದ್ದ ಕಡೆ ಸೋರುತ್ತಿದೆ ಎಂದು ಅರ್ಥ.

ಫೋನಿನ ವಿಷಯ. ನಿನ್ನ ಮಾವ ಲ್ಯಾನ್ಸ್ ಇದ್ದಾಗ ಅದು ಅವನ ಕೆಲಸ. ಅವನು ತೀರಿಕೊಂಡ ಮೇಲೆ ನನಗೂ ಅದಕ್ಕೂ ಸರಿಬೀಳುತ್ತಿಲ್ಲ. ಬಾಯಲ್ಲಿ ಹೇಳಿದ ಅಳತೆ ಗಾಳಿಗೆ ಹೋಗುತ್ತದೆ, ಬರೆದ ಅಳತೆ ಉಳಿಯುತ್ತದೆ. ಕಾಗದ ಬರೆ. ಕಾಗದದ ಕಾರ್ಖಾನೆಯಲ್ಲೇ ಕೆಲಸ ಮಾಡುವವಳಿಗೆ ಅದಕ್ಕೇನು ಬರ?

ಕ್ರಿಸ್‌ಮಸ್ ಇನ್ನೂ ದೂರವಿದೆ. ಮೊದಲು ಪೈಪು ನೋಡು.

ಮರ್ಲ್


ಬರ್ನಿ
29 ಮೇ 1994

ಅತ್ತೆಗೆ,

ಬೈಯುವುದಾದರೆ ಕುರ್ಚಿ ಎಳೆದುಕೊಂಡು ಕೂತು ಓದು.

ಗುಜರಿಯ ಬಾರ್ಟ್ ನಿನ್ನ ಪತ್ರ ಓದಿ ನಕ್ಕ. "ಅತ್ತೆ ಮಾತು ಕೇಳ್ಕೊಂಡು ಕೂತ್ರೆ ಅತ್ತೆ ಕಾಲದ್ದೇ ಸದ್ದು ಬರೋದು ಕಣಮ್ಮ. ತಗೊ, ಮೂರಿಂಚಿಂದು, ಸುಮ್ನೆ ಕೊಟ್ಹಂಗೆ ಕೊಡ್ತೀನಿ. ಸೈಲೆನ್ಸರ್ ಯಾಕೆ ನಿಂಗೆ? ಕಾರಲ್ಲಿ ಮಗು ಮಲಗಿದ್ಯಾ?" ಎಂದ. ನಾನು ತಗೊಂಡೆ. ಸೈಲೆನ್ಸರ್ ಇಲ್ಲದೆ ನೇರ ಪೈಪು ಹಾಕಿದೆ.

ಎರಡನೆಯ ದಿನವೇ ಪೊಲೀಸಿನವನು ಕೈ ತೋರಿಸಿದ. "ಏನಮ್ಮಾ, ಇದು ಕಾರೋ ಹಡಗೋ? ಬಂದರಿಗೆ ಏನೋ ಬಂತು ಅಂತ ನಮ್ಮ ಸಾರ್ಜೆಂಟು ಕಿಟಕಿಗೆ ಓಡಿದ್ರು" ಎಂದು ಗಾಜಿನ ಮೇಲೆ ಹಳದಿ ಚೀಟಿ ಅಂಟಿಸಿದ. ಸರಿಮಾಡಿಸಿ ತೋರಿಸುವ ತನಕ ರಸ್ತೆಗೆ ಇಳಿಸುವ ಹಾಗಿಲ್ಲ. ಅತ್ತೆ, ಸುಳ್ಳು ಹೇಳುವುದಿಲ್ಲ, ನನಗೆ ಹೆಮ್ಮೆಯಾಯಿತು. ಕಾರ್ಖಾನೆಯ ಗೇಟಿನಲ್ಲಿ ಗಂಡಸರು ಸಾಲಾಗಿ ನಿಂತು ಸೆಲ್ಯೂಟ್ ಹೊಡೆದರು. ಇಲ್ಲಿ ಹಳದಿ ಚೀಟಿ ಸಿಕ್ಕವರನ್ನು ಪದಕ ಸಿಕ್ಕವರ ಹಾಗೆ ನೋಡುತ್ತಾರೆ, ಅದರಲ್ಲೂ ಹೆಂಗಸಿಗೆ ಸಿಕ್ಕರೆ.

ಹೆಮ್ಮೆ ಒಂದು ವಾರ ಇತ್ತು. ಆಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕಾಯಿತು. ಎಂಜಿನ್ ನಿಮಿಷಕ್ಕೆ ಎರಡು ಸಾವಿರದ ಇನ್ನೂರು ಸುತ್ತಿನ ವೇಗಕ್ಕೆ ಬಂದಾಗ ಒಳಗೆ ಹಲ್ಲು ನೋಯುವ ಹಾಗೆ ಒಂದು ಗುಂಯ್‌ಗುಡುವಿಕೆ ಶುರುವಾಗುತ್ತದೆ. ಗುಡ್ಡ ಹತ್ತುವಾಗ ಎಳೆಯುವುದಿಲ್ಲ. ಅಪ್ಪನ ಕಾರು ಬಂತು ಎಂದು ಯಾರಿಗೂ ಅನ್ನಿಸುವುದಿಲ್ಲ. ಏನೋ ಬಂತು ಅನ್ನಿಸುತ್ತದೆ.

ಈಗ ಬೈ.

ರೋ


ವಾಲರೂ
8 ಜೂನ್ 1994

ರೋವೆನಾ,

ಪೂರ್ತಿ ಹೆಸರು ಬರೆದಿದ್ದೇನೆ, ಗಮನಿಸು.

ನಲವತ್ತು ವರ್ಷ ಈ ಊರಿನಲ್ಲಿ ಸೈಲೆನ್ಸರ್ ಮಾಡಿದೆ. ನನ್ನ ಅಂಗಡಿಯಿಂದ ಹೊರಟ ಒಂದು ಗಾಡಿಗೂ ಹಳದಿ ಚೀಟಿ ಬಿದ್ದಿಲ್ಲ. ಬಾಗಿಲ ಮೇಲೆ ಟ್ರೆಸೈಸ್ ಎಂದು ನಮ್ಮ ಮನೆತನದ ಹೆಸರು ಇತ್ತು. ಆ ಹೆಸರಿಟ್ಟುಕೊಂಡು ಪರ್ಸಿಯ ಮಗಳು ಊರನ್ನೆಲ್ಲ ರೇಗಿಸಿಕೊಂಡು ತಿರುಗಿದ್ದಾಳೆ ಎಂದರೆ ನಾನು ಚಾಪೆಲಿನ ಪ್ರಾರ್ಥನೆಯಲ್ಲಿ ಯಾವ ಮುಖ ಇಟ್ಟುಕೊಂಡು ಕೂರಲಿ? ಗದ್ದಲ ಮಾಡಲು ಒಂದು ಡಬ್ಬಿ, ಒಂದು ಕೋಲು ಸಾಕು. ಸದ್ದು ಮಾಡಲು ಬುದ್ಧಿ ಬೇಕು.

ಬೈದಾಯಿತು. ಈಗ ಕೆಲಸ.

ಆ ಬಾರ್ಟನ ಹತ್ತಿರವೇ ಹೋಗಿ ಹಳೆಯದೊಂದು ಸೈಲೆನ್ಸರ್ ತಗೋ. ಹೊರಗೆ ತುಕ್ಕಿದ್ದರೂ ಪರವಾಗಿಲ್ಲ, ಒಳಗಿನ ತೂತುಗಳ ಕೊಳವೆ ಗಟ್ಟಿ ಇರಬೇಕು. ಉದ್ದಕ್ಕೆ ಸೀಳಿ ತೆರೆ. ಕೊಳವೆಗೆ ಮೊದಲು ಪಾತ್ರೆ ಉಜ್ಜುವ ಸ್ಟೀಲಿನ ನಾರು ಸುತ್ತು, ಅದರ ಮೇಲೆ ಹಳೆಯ ಓವನ್ನಿನ ಗೋಡೆಯೊಳಗಿಂದ ಕಿತ್ತ ಗಾಜಿನ ಉಣ್ಣೆ. ಕೈಗವಸು ಹಾಕಿಕೋ, ಇಲ್ಲದಿದ್ದರೆ ವಾರವೆಲ್ಲ ಕೆರೆದುಕೊಳ್ಳುತ್ತೀ. ಗಟ್ಟಿಯಾಗಿ ತುರುಕಬೇಡ. ಪಾಸ್ಟಿ ಕಡುಬಿನೊಳಗೆ ಆಲೂಗಡ್ಡೆ ತುಂಬುವಷ್ಟು ಸಡಿಲ ಇರಲಿ, ನಿಮ್ಮಮ್ಮ ತುಂಬುತ್ತಿದ್ದ ಹಾಗಲ್ಲ.

ಗುಂಯ್‌ಗುಡುವಿಕೆಗೆ ಮದ್ದು ಬೇರೆ. ಮುಖ್ಯ ಪೈಪಿನ ಪಕ್ಕಕ್ಕೆ ಒಂದು ಕುರುಡು ಪೈಪು ಬೆಸೆ. ಅದು ಎಲ್ಲಿಗೂ ಹೋಗಬಾರದು, ಕೊನೆ ಮುಚ್ಚಿರಬೇಕು. ಎಂಜಿನ್ನಿನ ಅದುರು ಅದರೊಳಗೆ ಹೊಕ್ಕು, ಕೊನೆಗೆ ಬಡಿದು ವಾಪಸು ಬಂದು, ಹೊರಗೆ ಹೊರಟ ಅದುರಿಗೆ ಎದುರು ನಿಲ್ಲುತ್ತದೆ. ಎರಡೂ ಜಗಳವಾಡಿ ಸುಮ್ಮನಾಗುತ್ತವೆ. ಉದ್ದ ಸರಿಯಿದ್ದರೆ ಮಾತ್ರ. ನಾಲ್ಕು ಅಡಿಯಿಂದ ಶುರುಮಾಡು, ಮುಚ್ಚಳ ಬೆಸೆಯದೆ ಕ್ಲಾಂಪ್ ಹಾಕಿ ಬಿಗಿ, ಬೆರಳಗಲದಷ್ಟೇ ಕತ್ತರಿಸುತ್ತ ಬಾ. ಸೀಟಿನ ಹಿಂದೆ ಒಂದು ಲೋಟ ನೀರಿಡು. ಎರಡು ಸಾವಿರದ ಇನ್ನೂರಕ್ಕೆ ನೀರು ಉಂಗುರ ಉಂಗುರವಾಗಿ ನಡುಗುತ್ತಿದ್ದರೆ ಇನ್ನೂ ಕತ್ತರಿಸಬೇಕು. ಡಿಕ್ಕಿಯ ಮೇಲೆ ಅಂಗೈ ಇಡು. ಅದುರು ಮಣಿಕಟ್ಟಿನಲ್ಲಿ ನಿಂತರೆ ಒಳ್ಳೆಯದು. ಮೊಣಕೈಗೆ ಹತ್ತಿದರೆ ಜಾಸ್ತಿ.

ಹಳದಿ ಚೀಟಿ ಕಿತ್ತುಹಾಕಿಸಿದ ದಿನ ಬರೆ.

ಮರ್ಲ್ ಟ್ರೆಸೈಸ್


ಬರ್ನಿ
21 ಆಗಸ್ಟ್ 1994

ಅತ್ತೆಗೆ,

ಚೀಟಿ ಹೋಯಿತು. ಅದೇ ಪೊಲೀಸಿನವನು ಕಿತ್ತ. "ಏನ್ ಮಾಡಿದ್ರಿ ಇದಕ್ಕೆ? ಈಗ ಮರ್ಯಾದಸ್ಥರ ಮನೇದು ಅನ್ಸತ್ತೆ" ಎಂದ.

ಎಲ್ಲವನ್ನೂ ನೀನು ಬರೆದ ಹಾಗೆ ಮಾಡಿದೆ. ಕಾರ್ಖಾನೆಯ ವೆಲ್ಡರ್ ಡಗ್ ಊಟದ ಬಿಡುವಿನಲ್ಲಿ ಬೆಸೆಯುವುದನ್ನು ಕಲಿಸಿದ. ಮೊದಲ ಹತ್ತು ದಿನ ನನ್ನ ಬೆಸುಗೆ ನೋಡಿ, "ಇದೇನು, ಹಕ್ಕಿ ಹಿಕ್ಕೆ ಹಾಕಿದ್ಯಾ?" ಅನ್ನುತ್ತಿದ್ದ. ಈಗ ಏನೂ ಅನ್ನುವುದಿಲ್ಲ. ಡಗ್ ಏನೂ ಅನ್ನದಿದ್ದರೆ ಅದೇ ಹೊಗಳಿಕೆ. ಉಜ್ಜುವ ನಾರಿಗೆ ಊರಿನ ಎರಡೂ ಅಂಗಡಿ ಖಾಲಿ ಮಾಡಿದೆ. ಅಂಗಡಿಯವಳು, "ಎಷ್ಟು ಪಾತ್ರೆ ಇದಾವಮ್ಮ ನಿಮ್ಮನೇಲಿ?" ಎಂದು ಕೇಳಿದಳು. ಕುರುಡು ಪೈಪು ನಾಲ್ಕು ಅಡಿಯಿಂದ ಇಳಿದು ಮೂರು ಅಡಿ ಒಂಬತ್ತು ಇಂಚಿಗೆ ಬಂದಿದೆ. ನೀರು ಇನ್ನೂ ಸ್ವಲ್ಪ ನಡುಗುತ್ತದೆ.

ಹತ್ತಿರ ಬಂದಿದೆ ಅತ್ತೆ, ಅಪ್ಪನ ಸದ್ದಿಗೆ ತುಂಬ ಹತ್ತಿರ. ಆದರೆ ನನ್ನ ನೆನಪನ್ನು ನಾನೇ ನಂಬಲಾರೆ. ಅದಕ್ಕೇ ಕ್ಯಾಸೆಟ್ ಕಳುಹಿಸುತ್ತಿದ್ದೇನೆ. ಗುರುವಾರ ಚಾಪೆಲಿನ ಹಾಡಿನ ಅಭ್ಯಾಸಕ್ಕೆ ಒಯ್ಯುವ ಟೇಪ್ ರೆಕಾರ್ಡರಿನಲ್ಲೇ ಹಿಡಿದದ್ದು. ನಿನ್ನ ಹತ್ತಿರ ಲ್ಯಾನ್ಸ್ ಮಾವನ ಹಳೆಯ ಪ್ಲೇಯರ್ ಇದೆಯಲ್ಲ, ಹಾಕಿ ನೋಡಿ ಬರೆ. ಎಲ್ಲಿ ತಪ್ಪಿದೆ, ನಿನ್ನ ಕಿವಿಗೆ ಗೊತ್ತಾಗುತ್ತದೆ.

ರೋ


ವಾಲರೂ
3 ಸೆಪ್ಟೆಂಬರ್ 1994

ರೋ,

ಕ್ಯಾಸೆಟ್ ಬಂತು. ಎರಡು ಸಲ ಪೂರ್ತಿ ಹಾಕಿದೆ.

ನಿನ್ನ ಕೆಲಸ ಒಳ್ಳೆಯದು. ಇಷ್ಟು ಬೇಗ ಕಲಿಯುತ್ತೀ ಎಂದುಕೊಂಡಿರಲಿಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ. ಕೆಳಗಿನ ಭಾಗ ದಪ್ಪಗಿದೆ, ತುಂಬಿಕೊಂಡಿದೆ. ಪರ್ಸಿಯದು ಸಹ ಹಾಗೇ ಇತ್ತು. ನಡುವಿನದು ಸ್ವಲ್ಪ ತೆಳು, ಅಲ್ಲೊಂದು ಕಡೆ ಸೋರುತ್ತಿದೆ. ಸಾಬೂನು ನೀರು ಮತ್ತೊಮ್ಮೆ ಹಚ್ಚು. ಆದರೆ ನನಗೆ ಚಿಂತೆಯಾದದ್ದು ಬೇರೆ ವಿಷಯ. ನಿನ್ನ ಎಂಜಿನ್ ಆಗಾಗ ನಿಂತು ನಿಂತು ಹೊರಡುತ್ತಿದೆ, ಉಸಿರು ಎಳೆದುಕೊಂಡ ಹಾಗೆ. ಒಂದು ಸಲವಂತೂ ಪೂರ್ತಿ ನಿಂತೇಹೋಯಿತು, ಆಮೇಲೆ ಒಮ್ಮೆಲೇ ಎಲ್ಲ ಸಿಲಿಂಡರೂ ಒಟ್ಟಿಗೆ ಎದ್ದವು. ಪೆಟ್ರೋಲ್ ಸರಿಯಾಗಿ ಹೋಗುತ್ತಿಲ್ಲ. ಪಂಪು ಬಿಚ್ಚಿ ತೊಳೆ, ಗುಡ್ಡದ ಮೇಲೆ ಕೈಕೊಟ್ಟೀತು.

ನಿಮ್ಮಪ್ಪ ಇದ್ದಿದ್ದರೆ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದ. ಅವನ ಬದಲು ನಾನು ಪಾಸ್ಕೋಗೆ ಹೇಳಿದ್ದೇನೆ. ಎದುರು ಮನೆಯ ಕ್ಲೆಮ್ ಪಾಸ್ಕೋ, ನೆನಪಿದೆಯಲ್ಲ.

ಮರ್ಲ್


ಬರ್ನಿ
12 ಸೆಪ್ಟೆಂಬರ್ 1994

ಅತ್ತೆ,

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ಬರೆಯದೆ ಇರಲೂ ಆಗುತ್ತಿಲ್ಲ.

ನಿನ್ನ ಪತ್ರ ಓದಿ ಮೊದಲು ನಕ್ಕುಬಿಟ್ಟೆ. ಆಮೇಲೆ ಟೇಪ್ ರೆಕಾರ್ಡರ್ ತೆರೆದು ನೋಡಿದೆ. ಕಾರಿನ ಕ್ಯಾಸೆಟ್ ಇನ್ನೂ ಅದರೊಳಗೇ ಇತ್ತು. ನಾನು ನಿನಗೆ ಕಳುಹಿಸಿದ್ದು ಚಾಪೆಲಿನ ಹಾಡಿನ ಅಭ್ಯಾಸ. ಇಪ್ಪತ್ತಮೂರು ಜನ, ಒಂದು ಹಾರ್ಮೋನಿಯಂ. ಕೆಳಗಿನ ಸ್ವರದ ಗಂಡಸರು ದಪ್ಪಗೆ, ತುಂಬಿಕೊಂಡು ಹಾಡುತ್ತಾರೆ, ನೀನು ಹೇಳಿದ್ದು ಸರಿ. ನಡುವಿನವರು ತೆಳು. ಸಾಲು ಮುಗಿದಾಗ ಎಲ್ಲರೂ ನಿಂತು ಉಸಿರು ಎಳೆದುಕೊಳ್ಳುತ್ತಾರೆ. ನಡುವೆ ಮಾಸ್ತರರು ಒಂದು ಸಲ ಕೈತಟ್ಟಿ ನಿಲ್ಲಿಸಿದ್ದರು, ಆಮೇಲೆ ಎಲ್ಲರೂ ಒಟ್ಟಿಗೆ ಎದ್ದರು.

ನಿನಗೆ ಕೇಳಿಸುವುದಿಲ್ಲ.

ನಿನ್ನ ಹಿಂದಿನ ಪತ್ರಗಳನ್ನೆಲ್ಲ ತೆಗೆದು ಓದಿದೆ. ಸಾಬೂನಿನ ಗುಳ್ಳೆ, ಲೋಟದ ನೀರು, ಮಣಿಕಟ್ಟು, ಮೊಣಕೈ. ಒಂದು ಕಡೆಯೂ ಕಿವಿಯ ಹೆಸರಿಲ್ಲ. ಇವೆಲ್ಲ ನಿನ್ನ ಕಸುಬಿನ ಗುಟ್ಟು ಎಂದುಕೊಂಡು ನಾನು ಹೆಮ್ಮೆಯಿಂದ ಡಗ್‌ಗೆ ಓದಿ ಹೇಳಿದ್ದೆ. ನೀನು ಫೋನ್ ಇಟ್ಟುಬಿಟ್ಟಿದ್ದಕ್ಕೆ ಮುನಿಸಿಕೊಂಡಿದ್ದೆ. ಅಪ್ಪನ ಅಂತ್ಯಸಂಸ್ಕಾರದ ದಿನ ಹಿಂದಿನಿಂದ ಎರಡು ಸಲ ಕರೆದರೂ ನೀನು ತಿರುಗಲಿಲ್ಲ. ಮರ್ಲ್ ಅತ್ತೆಗೆ ಜಂಬ ಎಂದು ಅಮ್ಮ ಅಂದಳು, ನಾನು ಹೂಂ ಅಂದೆ. ನನ್ನನ್ನು ಕ್ಷಮಿಸು.

ನೀನು ಕೇಳಿ "ಸರಿಯಿದೆ" ಅನ್ನಬೇಕು ಎಂದು ಬರೆದಿದ್ದೆನಲ್ಲ. ಎಂಥ ಮಾತು ಬರೆದುಬಿಟ್ಟೆ. ಇದನ್ನು ಓದಿದರೆ ನಿನ್ನ ತಲೆ ಎಲ್ಲರೆದುರು ತಗ್ಗಿದ ಹಾಗಾಗುತ್ತದೆ. ನೀನಾಗಿ ಹೇಳದ ಮಾತನ್ನು ನಾನು ಆಡಲಾರೆ.

ಆದರೂ ಒಂದು ಯೋಚನೆ ಬಿಡುತ್ತಿಲ್ಲ. ಇಪ್ಪತ್ತಮೂರು ಜನ ಉಸಿರು ತೆಗೆದುಕೊಂಡದ್ದನ್ನು ನೀನು ಹೇಗೆ ಕಂಡುಹಿಡಿದೆ?


ಬರ್ನಿ
14 ಸೆಪ್ಟೆಂಬರ್ 1994

ಅತ್ತೆಗೆ,

ನೀನು ಹೇಳಿದ್ದು ಸರಿ. ನಿಂತು ನಿಂತು ಹೊರಡುತ್ತಿತ್ತು. ಈಗ ಅದನ್ನು ಸರಿಮಾಡಿದ್ದೇನೆ. ನಡುವಿನ ತೆಳುವಿಗೆ ಮಾತ್ರ ಯಾವ ಮದ್ದೂ ಇಲ್ಲ.

ಕ್ರಿಸ್‌ಮಸ್ಸಿಗೆ ಹಡಗಿನ ಟಿಕೆಟ್ ನೋಡುತ್ತಿದ್ದೇನೆ.

ರೋ


ವಾಲರೂ
2 ಅಕ್ಟೋಬರ್ 1994

ರೋ,

ಟಿಕೆಟ್ ಮಾಡಿಸಬೇಡ. ಡಿಸೆಂಬರಿನಲ್ಲಿ ಇಲ್ಲಿ ನೊಣ, ಬಿಸಿಲು ಎರಡೂ ಜಾಸ್ತಿ. ತೆರೆದ ಕಾರಿನಲ್ಲಿ ಮೆಲ್ಬರ್ನಿನಿಂದ ಬಂದರೆ ಬೆಂದುಹೋಗುತ್ತೀ. ಅಂಗಡಿ ಮುಚ್ಚಿ ಮೂರು ವರ್ಷವಾಯಿತು, ಅಂಗಳದಲ್ಲಿ ಹುಲ್ಲು ಬೆಳೆದಿದೆ. ನಾನು ಕ್ಯಾಸೆಟ್ಟಿನಲ್ಲಿ ನೋಡಿಯಾಯಿತಲ್ಲ, ಒಳ್ಳೆಯ ಕೆಲಸ ಎಂದು ಬರೆದೂ ಆಯಿತು. ಮತ್ತೆ ಇನ್ನೇನು ಬೇಕು?

ನೀನೊಬ್ಬಳೇ ಬಂದರೆ ಬೇರೆ ಮಾತು. ಬಸ್ಸಿನಲ್ಲಿ ಬಾ. ಕೇಸರಿ ಬನ್ನು ಮಾಡಿರುತ್ತೇನೆ. ಕಾರು ಅಲ್ಲೇ ಇರಲಿ.

ಮರ್ಲ್


ಬರ್ನಿ
21 ನವೆಂಬರ್ 1994

ಅತ್ತೆಗೆ,

ಓಟ ಮುಗಿಯಿತು. ಸಂಘದ ನಿಯಮದ ಪ್ರಕಾರ ತೊಂಬತ್ತೈದು ಡೆಸಿಬೆಲ್ ದಾಟಿದ ಕಾರನ್ನು ಗೆರೆಯ ಹತ್ತಿರವೂ ಬಿಡುವುದಿಲ್ಲ. ಮೀಟರ್ ಹಿಡಿಯುವ ಐವರ್ ಎಂಬ ಮುದುಕ ನನ್ನ ಕಾರಿನ ಹಿಂದೆ ಕೂತು ಅಳೆದ. ತೊಂಬತ್ತಮೂರು. ಮತ್ತೆ ಅಳೆದ. ಅಷ್ಟೇ ಬಂತು. ಮೂರನೆಯ ಸಲ ಮೀಟರನ್ನು ಜೇಬಿಗೆ ಹಾಕಿಕೊಂಡು, "ಇನ್ನೊಂದ್ಸಲ ಎಂಜಿನ್ ಎತ್ತಮ್ಮ, ಸುಮ್ನೆ, ನಂಗೋಸ್ಕರ" ಎಂದ. ನಾನು ಎತ್ತಿದೆ. "ಯಾರ್ ಮಾಡಿದ್ದು ಇದನ್ನ?" ಎಂದು ಕೇಳಿದ. ಗುಜರಿ ಸೈಲೆನ್ಸರು, ಪಾತ್ರೆ ಉಜ್ಜುವ ನಾರು, ವಾಲರೂವಿನ ಮರ್ಲ್ ಟ್ರೆಸೈಸ್ ಎಂದೆ. ದೊಡ್ಡ ಅಂಗಡಿಯ ಹೊಳೆಯುವ ಪೈಪು ಹಾಕಿಸಿದ ಇಬ್ಬರು ಆಗಲೇ ಮಂಡಿಯೂರಿ ನನ್ನ ಕಾರಿನ ಅಡಿ ನೋಡುತ್ತಿದ್ದರು. ಗುಡ್ಡದಲ್ಲಿ ನನಗೆ ಆರನೆಯ ಸ್ಥಾನ ಬಂತು. ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಿಕೊಳ್ಳಲಿಲ್ಲ.

ಆದರೆ ಕೆಲಸ ಮುಗಿದಿಲ್ಲ. ಎರಡು ಸಾವಿರದ ಇನ್ನೂರರ ಗುಂಯ್ ಪೂರ್ತಿ ಹೋಗಿಲ್ಲ. ಅಪ್ಪನ ಕಾರಿನಲ್ಲಿ ಅದು ಇರಲಿಲ್ಲ. ಕುರುಡು ಪೈಪಿನ ಮೂರು ಅಡಿ ಒಂಬತ್ತು ಇಂಚನ್ನು ಹಾಗೇ ಬಿಟ್ಟಿದ್ದೇನೆ. ಕತ್ತರಿಸಬೇಕಾದ ಗೆರೆ ಎಲ್ಲಿ ಎಂದು ಲೋಟದ ನೀರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅದನ್ನು ನೀನೇ ಎಳೆಯಬೇಕು, ಕಾರಿನ ಹಿಂದೆ ನಿಂತು. ನಿನ್ನ ಕೈ ಬೇಕು ಅತ್ತೆ.

ಟಿಕೆಟ್ ಮಾಡಿಸಿದ್ದೇನೆ. ಡಿಸೆಂಬರ್ ಇಪ್ಪತ್ತೇಳು, ಮಧ್ಯಾಹ್ನ ಹನ್ನೆರಡಕ್ಕೆ ನಿನ್ನ ಅಂಗಳದಲ್ಲಿರುತ್ತೇನೆ. ಗರಗಸ ಹುಡುಕಿಟ್ಟಿರು.

ರೋ


ವಾಲರೂ
9 ಜನವರಿ 1995

ರೋ,

ನೀನು ಕ್ಷೇಮವಾಗಿ ಮುಟ್ಟಿದ ಕಾರ್ಡು ಬಂತು. ನಾನು ಇಷ್ಟು ಉದ್ದ ಬರೆಯುವುದು ಇದೇ ಮೊದಲು, ತಪ್ಪಿದ್ದರೆ ಹಾಗೇ ಓದಿಕೋ.

ಅವತ್ತು ಹನ್ನೊಂದಕ್ಕೇ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತೆ. ನಿನಗೆ ಹೇಳಲು ಎರಡು ಮೂರು ಸುಳ್ಳು ತಯಾರು ಮಾಡಿಟ್ಟುಕೊಂಡಿದ್ದೆ. ತಲೆನೋವು, ಶೀತ, ಕಿವಿಯಲ್ಲಿ ಎಣ್ಣೆ. ಹನ್ನೆರಡಕ್ಕೆ ಸ್ವಲ್ಪ ಮೊದಲು ಎದುರು ಮನೆಯ ಕ್ಲೆಮ್ ಪಾಸ್ಕೋ ಬಾಗಿಲು ತೆರೆದು ಹೊರಗೆ ಬಂದ. ಕಣಜಗಳ ಕಡೆ ತಿರುಗಿ ನಿಂತು ಟೋಪಿ ತೆಗೆದ. ಆ ಮನುಷ್ಯ ಚಾಪೆಲಿನಲ್ಲೂ ಟೋಪಿ ತೆಗೆಯಲು ಅನುಮಾನಿಸುತ್ತಾನೆ. ಆಮೇಲೆ ಪಕ್ಕದ ಮನೆಯವರು, ಅದರ ಪಕ್ಕದವರು, ಕೈಯಲ್ಲಿದ್ದ ತಟ್ಟೆಯನ್ನೂ ಕೆಳಗಿಡದೆ ಬೇಲಿಯ ಹತ್ತಿರ ಬಂದು ನಿಂತರು. ರಸ್ತೆ ಇನ್ನೂ ಖಾಲಿ ಇತ್ತು. ಕ್ಲೆಮ್ ನನ್ನ ಕಡೆ ತಿರುಗಿ ಹೇಳಿದ್ದನ್ನು ತುಟಿಯಲ್ಲಿ ಓದಿದೆ. "ಪರ್ಸಿ ಬಂದಂಗಾಯ್ತು ಕಣೇ ಮರ್ಲ್."

ನಿನ್ನ ಕಾರು ನನ್ನ ಕಣ್ಣಿಗೆ ಬಿದ್ದದ್ದು ಅದಾದ ಎಷ್ಟೋ ಹೊತ್ತಿನ ಮೇಲೆ.

ನೀನು ಎಂಜಿನ್ ಆರಿಸಲಿಲ್ಲ. ಇಳಿದು ಬಂದು, ನನ್ನ ಕೈ ಹಿಡಿದುಕೊಂಡು ಹೋಗಿ ಡಿಕ್ಕಿಯ ಮೇಲೆ ಇಟ್ಟೆ. ನಿಮ್ಮಪ್ಪ ಇಡುತ್ತಿದ್ದ ಜಾಗದಲ್ಲೇ. ಆಮೇಲೆ ನನ್ನ ಮುಖದ ಎದುರು ಬಂದು ನಿಧಾನವಾಗಿ, "ಎಲ್ಲಿ ಕತ್ತರಿಸ್ಲಿ?" ಎಂದೆ. ನಾನು ಬೆರಳಿನಲ್ಲಿ ತೋರಿಸಿದೆ. ಮೊದಲ ಸಲ ಅದುರು ಮೊಣಕೈಯಿಂದ ಇಳಿಯಿತು. ಎರಡನೆಯ ಸಲ ಅಲ್ಲೇ ಒದ್ದಾಡಿತು. ಮೂರನೆಯ ಸಲ ಮಣಿಕಟ್ಟಿಗೆ ಬಂದು ನಿಂತಿತು, ಮೂರು ಅಡಿ ಏಳೂವರೆ ಇಂಚಿನಲ್ಲಿ. ಇಪ್ಪತ್ತೆರಡು ವರ್ಷ ಹಿಂದೆ ಅದುರು ನಿಂತದ್ದೂ ಮಣಿಕಟ್ಟಿನಲ್ಲೇ. ಸರಿಯಿದೆ ಎಂದೆ. ನೀನು ಅಳತೊಡಗಿದೆ, ನಾನು ಬನ್ನು ತರುತ್ತೇನೆಂದು ಒಳಗೆ ಹೋದೆ.

ಆ ನಾಲ್ಕು ದಿನ ನೀನು ಕಿವಿಯ ಮಾತೇ ಎತ್ತಲಿಲ್ಲ. ನನ್ನ ನಾಟಕ ಗೆದ್ದಿತು ಎಂದುಕೊಂಡೆ. ನೀನು ಹೋದ ಮೇಲೆ ಪ್ಲೇಯರಿನ ಧೂಳು ಒರೆಸುವಾಗ ಕ್ಯಾಸೆಟ್ ತೆಗೆದು ಹಿಂಬದಿ ನೋಡಿದೆ. ಪೆನ್ಸಿಲಿನಲ್ಲಿ ಸಣ್ಣದಾಗಿ, 'ಚಾಪೆಲ್ ಹಾಡು, ಗುರುವಾರ' ಎಂದಿತ್ತು. ಅಂದರೆ ನಿನಗೆ ಸೆಪ್ಟೆಂಬರಿನಿಂದ ಗೊತ್ತಿತ್ತು. ಗೊತ್ತಿದ್ದೂ ಪೆಟ್ರೋಲ್ ಪಂಪು ತೊಳೆದವಳ ಹಾಗೆ ಪತ್ರ ಬರೆದೆ. ಮೊದಲು ನಿನ್ನ ಮೇಲೆ ಸಿಟ್ಟು ಬಂತು, ಆಮೇಲೆ ಒಬ್ಬಳೇ ಕೂತು ನಕ್ಕೆ. ಒಂದು ಮಾತು ಮಾತ್ರ ಹೇಳುತ್ತೇನೆ, ನನ್ನ ತೀರ್ಮಾನ ತಪ್ಪಾಗಿರಲಿಲ್ಲ. ಆ ಗುಂಪಿಗೆ ಉಸಿರು ಸಾಲದು. ಸ್ಪೀಕರಿನ ಮೇಲೆ ಮೂರು ಬೆರಳಿಟ್ಟು ನೋಡಿದ್ದು ಅದು.

ಈಗ ನಾನಾಗಿ ಹೇಳುತ್ತೇನೆ. ಹದಿನೇಳನೆಯ ವಯಸ್ಸಿಗೆ, ಯುದ್ಧದ ಕಾಲದಲ್ಲಿ, ಹಡಗು ಕಟ್ಟುವ ಕಡೆ ರಿವೆಟ್ ಬಡಿಯಲು ಹೋಗಿದ್ದೆ. ಆ ಬಡಿತದ ಸದ್ದಿಗೆ ಎಡಕಿವಿ ಅಲ್ಲೇ ಬಿಟ್ಟು ಬಂದೆ. ಬಲಗಿವಿ ಅರವತ್ತೊಂಬತ್ತರ ಚಳಿಗಾಲದ ಜ್ವರದಲ್ಲಿ ಹೋಯಿತು. ಲ್ಯಾನ್ಸ್‌ಗೆ ಗೊತ್ತಿತ್ತು, ಫೋನು, ಗಿರಾಕಿ ಎಲ್ಲ ಅವನೇ ನೋಡಿಕೊಂಡ. ಸೈಲೆನ್ಸರ್ ಅಂಗಡಿಯಲ್ಲಿ ಎಲ್ಲರೂ ಕೂಗುತ್ತಲೇ ಮಾತಾಡುತ್ತಾರೆ, ಯಾರಿಗೂ ಪೂರ್ತಿ ಕೇಳಿಸುವುದಿಲ್ಲ. ಬಚ್ಚಿಟ್ಟುಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ಈಗ ಫೋನಿನ ಮೇಜು ನಡುಗಿದರೆ ಎತ್ತಿ, ಬೇಡ ಎಂದು ಇಡುತ್ತೇನೆ. ಜಂಬ ಎಂದು ಜನ ಆಡಿಕೊಂಡರು. ಆಡಿಕೊಳ್ಳಲಿ ಎಂದು ಬಿಟ್ಟೆ. ಕಿವುಡಿ ಅನ್ನಿಸಿಕೊಳ್ಳುವುದಕ್ಕಿಂತ ಜಂಬಗಾತಿ ಅನ್ನಿಸಿಕೊಳ್ಳುವುದು ನನಗೆ ಸುಲಭವಾಗಿತ್ತು.

ಪರ್ಸಿಗೆ ನಾನು ಹೇಳಿರಲಿಲ್ಲ. ಅವನೂ ಕೇಳಲಿಲ್ಲ. ಎಪ್ಪತ್ತೆರಡರಲ್ಲಿ ಆ ಹಸಿರು ಕಾರು ಕೊಂಡು ಬಂದವನು, ಮೊದಲ ದಿನವೇ ನನ್ನ ಕೈ ಹಿಡಿದು ಡಿಕ್ಕಿಯ ಮೇಲೆ ಇಟ್ಟ. ಅಣ್ಣ ತಂಗಿ ಅದರ ಬಗ್ಗೆ ಮಾತಾಡಿದ್ದು ಅಷ್ಟೇ.

ಇಸವಿ ಲೆಕ್ಕ ಹಾಕಿದರೆ ನಿನಗೆ ಗೊತ್ತಾಗುತ್ತದೆ. ಜ್ವರ ಅರವತ್ತೊಂಬತ್ತರಲ್ಲಿ. ಕಾರು ಎಪ್ಪತ್ತೆರಡರಲ್ಲಿ. ನಿನ್ನ ಟೀಚರ್ ಸೀಮೆಸುಣ್ಣ ಕೆಳಗಿಡುತ್ತಿದ್ದ ಸದ್ದು, ನೀನು ಒಂದು ವರ್ಷ ಗುಜರಿ ಹೊಕ್ಕು ಹುಡುಕಿದ ಸದ್ದು, ಕ್ಲೆಮ್ ಟೋಪಿ ತೆಗೆದ ಸದ್ದು, ಅದನ್ನು ನಾನು ಒಂದು ದಿನವೂ ಕೇಳಿಲ್ಲ. ಅಂಗೈಯಲ್ಲಿ ಮಾಡಿದ್ದು ಅದು. ಅಡಿಲೇಡಿನಿಂದ ಬಂದವರೆಲ್ಲ ಮರ್ಲ್ ಕಿವಿ ಎಂದು ಹೊಗಳಿ ಹೋದರು. ನಾನು ಸುಮ್ಮನೆ ಕೈ ಒರೆಸಿಕೊಂಡು ನಿಂತಿದ್ದೆ. ಇನ್ನು ಮೇಲೆ ಯಾರಾದರೂ ಕೇಳಿದರೆ ನೀನು ಕೈ ಎಂದೇ ಹೇಳು. ನನಗೆ ಅದರಲ್ಲಿ ನಾಚಿಕೆಯಿಲ್ಲ, ಈಗ ಇಲ್ಲ.

ಇಪ್ಪತ್ತೆರಡು ವರ್ಷದಲ್ಲಿ ಒಂದು ಮಾತನ್ನು ಮಾತ್ರ ಯಾರ ಹತ್ತಿರವೂ ಆಡಲು ಆಗಿರಲಿಲ್ಲ, ಆಡಿದರೆ ಗುಟ್ಟು ಬಯಲಾಗುತ್ತಿತ್ತು. ನಿನ್ನ ಮೊದಲ ಪತ್ರದಲ್ಲಿ, ಮಾಡಿದವಳು ನೀನೇ ಇರುವಾಗ ತಿಳಿಸಬೇಕಾಗಿಲ್ಲ ಎಂದು ಬರೆದಿದ್ದೆ. ತಿಳಿಸಬೇಕು ರೋ. ಬರೆಯಲು ಬರುವುದಿಲ್ಲ ಎಂದು ತಪ್ಪಿಸಿಕೊಳ್ಳಬೇಡ, ಎಷ್ಟು ಹಾಳೆ ಬೇಕಾದರೂ ಆಗಲಿ.

ನನ್ನ ಸೈಲೆನ್ಸರ್ ಹೇಗೆ ಕೇಳಿಸುತ್ತದೆ?

ಮರ್ಲ್ ಅತ್ತೆ